ಮಳೆಯಲ್ಲಿ ಮನೆ ನೋಡುವವರು

ಮನೆ ಕೊಳ್ಳುವುದಾದರೆ ಮಳೆಗಾಲದಲ್ಲಿ ನೋಡಬೇಕು ಎಂಬುದು ಮುಂಬಯಿಯಲ್ಲಿ ನೆಲೆ ಕಂಡ ನಮ್ಮ ಕಡೆಯ ಹಿರಿಯರು ಹಾಕಿಕೊಟ್ಟ ಕಟ್ಟಳೆ. ಬೇಸಗೆಯಲ್ಲಿ ಎಲ್ಲ ಗೋಡೆಗಳೂ ಸಭ್ಯಸ್ಥರು. ಜುಲೈಯಲ್ಲಿ ಒಂದೊಂದಾಗಿ ಬಾಯಿಬಿಡುತ್ತವೆ.

ಹಾಗೆಂದೇ ಈ ಭಾನುವಾರ ಬೆಳಿಗ್ಗೆ ಸಯನ್ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ನಾಲ್ಕು ಕೊಡೆಗಳು ಒಟ್ಟಾಗಿವೆ. ಮೂರು ಡೊಂಬಿವಲಿಯಿಂದ ಬಂದ ಅಪ್ಪ, ಅಮ್ಮ, ಮಗಳದು, ನಾಲ್ಕನೆಯದು ನನ್ನದು. ಹಣ್ಣಿನ ಗಾಡಿಗೆ ಹೊದೆಸಿದ ನೀಲಿ ಟಾರ್ಪಾಲಿನಲ್ಲಿ ನೀರು ಹೊಟ್ಟೆಯಾಗಿ ನಿಂತಿದೆ. ಗಾಡಿಯವನು ಕೋಲಿನಿಂದ ಮೇಲಕ್ಕೆ ತಿವಿದರೆ ಒಂದು ಬಕೆಟ್ಟಿನಷ್ಟು ನೀರು ದಡಕ್ಕನೆ ಬೀದಿಗೆ. ಆಸ್ಪತ್ರೆಗೆ ಊಟದ ಡಬ್ಬಿ ಒಯ್ಯುವವರು, ಬಟಾಟೆವಡೆ ತಿನ್ನುತ್ತ ನಿಂತವರು, ನೆನೆದ ಯೂನಿಫಾರ್ಮಿನ ಹೋಮ್‌ಗಾರ್ಡು, ಇವರೆಲ್ಲರ ನಡುವೆ ಕೈಯಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು ಹಿಡಿದ ಒಬ್ಬ ಕಚ್ಛೀ ಹುಡುಗ. ಎಸ್ಟೇಟ್ ಏಜೆಂಟ್. ಕನ್ನಡದವರೆಂದು ತಿಳಿದದ್ದೇ ತಡ, ತನಗೆ ಬರುವ ಎರಡೂ ಕನ್ನಡ ಶಬ್ದಗಳನ್ನು ಒಟ್ಟಿಗೇ ಖರ್ಚು ಮಾಡಿಬಿಟ್ಟ: "ನಮಸ್ಕಾರ, ಊಟ?" ಗಂಟೆ ಒಂಬತ್ತೂವರೆ.

ಡೊಂಬಿವಲಿಯ ಯಜಮಾನರು ಕುಂದಾಪುರದ ಕಡೆಯವರು. ಹುಡುಗನಾಗಿ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಮಗಳಿಗೆ ಬಿಕೆಸಿಯಲ್ಲಿ, ಅಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಬ್ಯಾಂಕಿನ ಕೆಲಸ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಕುರ್ಲಾದಲ್ಲಿ ಇಳಿದು, ಶೇರ್ ಆಟೋದ ಸಾಲಿನಲ್ಲಿ ನಿಂತು ಆಫೀಸು ಮುಟ್ಟುವಷ್ಟರಲ್ಲಿ ಅರ್ಧ ದಿನದ ಜೀವ ಹೋಗಿರುತ್ತದೆ. ಅಪ್ಪನ ಕೈಯಲ್ಲಿ ಪಿಎಫ್ ದುಡ್ಡು ಇದೆ, ಊರಿನ ಪಾಲು ಮಾರಿ ಬಂದದ್ದು ಸ್ವಲ್ಪ ಇದೆ. "ಇನ್ವೆಸ್ಟ್‌ಮೆಂಟ್ ಅಂತ ಒಂದು ರೂಮು ಹಾಕಿಬಿಡುವಾ ಮಾರಾಯ್ರೇ. ದಾದರ್ ನಮ್ಮಿಂದ ಆಗೂದಿಲ್ಲ. ಸಯನ್ ಆದೀತು" ಎಂದಿದ್ದರು ಫೋನಿನಲ್ಲಿ.

ಊರಿನಲ್ಲಿರುವವರ ಮುಂದೆ ಸಯನ್ ಅಗ್ಗ ಎಂದರೆ ನಕ್ಕಾರು. ಇಲ್ಲಿಯ ಒಂದು ಅಡುಗೆಕೋಣೆಯ ಬೆಲೆಗೆ ಕುಂದಾಪುರದಲ್ಲಿ ಬಾವಿ ಸಮೇತ ಮನೆ ಬರುತ್ತದೆ. ಆದರೆ ಮುಂಬಯಿಯಲ್ಲಿ ಅಗ್ಗವೆನ್ನುವುದು ಪಕ್ಕದ ಸ್ಟೇಷನ್ನಿಗೆ ಹೋಲಿಸಿ ಹೇಳುವ ಮಾತು. ದಾದರ್, ಮಾಟುಂಗಾ, ಆಮೇಲೆ ಸಯನ್. ಎರಡೇ ಸ್ಟೇಷನ್ ದಾಟುವಷ್ಟರಲ್ಲಿ ದರ ಇಳಿಯುತ್ತದೆ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ಹೆಚ್ಚೆಂದರೆ 13 ಕಿಲೋಮೀಟರು, ಡೊಂಬಿವಲಿಯಾದರೆ 48. ಪೇಟೆಯ ನಡುವಿಗೆ ಇಷ್ಟು ಹತ್ತಿರದ ಜಾಗ ಯಾಕೆ ಇಳಿದ ದರದಲ್ಲಿ ಸಿಗುತ್ತದೆ ಎಂದು ಕೇಳುವವರು ಕಡಿಮೆ. ಕೇಳಬೇಕು. ಯಾಕೆಂದರೆ ಸಯನ್ನಿನಲ್ಲಿ ಅಗ್ಗವಾದ ಪ್ರತಿ ಮನೆಗೂ ಅದರದೇ ಆದ ಒಂದು ಕಾರಣವಿದೆ. ಮನೆಯ ಜೊತೆಗೆ ಆ ಕಾರಣವನ್ನೂ ನಾವು ಕೊಂಡಿರುತ್ತೇವೆ. ಗೊಂಚಲಿನ ಹುಡುಗ ಅದನ್ನು ತಾನಾಗಿ ಹೇಳುವವನಲ್ಲ.

ಮೊದಲ ಬೀಗದ ಕೈ ಮೂರು ಮಹಡಿಯ ಹಳೆಯ ಕಟ್ಟಡದ್ದು. ದುಂಡು ಮೂಲೆಯ ಬಾಲ್ಕನಿಗಳು, ಪ್ರವೇಶದಲ್ಲಿ ಕಟ್ಟಡದ ಹೆಸರನ್ನು ಸಿಮೆಂಟಿನಲ್ಲೇ ಎಬ್ಬಿಸಿದ ಅಕ್ಷರ, ಒಳಗೆ ಸವೆದು ನುಣುಪಾದ ಮರದ ಕಟಕಟೆಯ ಮೆಟ್ಟಿಲು. ಎರಡನೆಯ ಮಾಳಿಗೆಯ ಮನೆಯೊಳಗೆ ಕಾಲಿಟ್ಟರೆ ಬಣ್ಣದ ಹೂವಿನ ಟೈಲ್ಸು, ಎತ್ತರದ ಸೀಲಿಂಗು, ಮಳೆಗಾಲದಲ್ಲೂ ಆಡುವ ಗಾಳಿ. ಅಮ್ಮನ ಮುಖ ಅರಳಿತು. "ನಮ್ಮ ಮನೆಯ ಚಾವಡಿಯ ಹಾಗೆ ಉಂಟು." ಅಡುಗೆಮನೆಯ ತೊಲೆಗೆ ಕಬ್ಬಿಣದ ಕಂಬವೊಂದನ್ನು ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಆ ಕಂಬಕ್ಕೇ ತಂತಿ ಸುತ್ತಿ ಯಾರೋ ಜಾಲರಿ ಸೌಟು ತೂಗಹಾಕಿದ್ದಾರೆ. ತಾತ್ಕಾಲಿಕವೆಂದು ಬಂದ ಕಂಬ ಸಂಸಾರದ ಪಾತ್ರೆ ಪಡಗಗಳಲ್ಲಿ ಸೇರಿಹೋಗಿದೆ.

ಬೆಲೆ ಕೇಳಿ ಅಪ್ಪನಿಗೆ ಆಶ್ಚರ್ಯ. ಇಷ್ಟೇಯಾ? ಇಷ್ಟೇ. ಇದು ಪಗಡಿ ಮನೆ.

ಪಗಡಿ ಎಂದರೆ ಬಾಡಿಗೆದಾರನ ಹಕ್ಕನ್ನಷ್ಟೇ ಕೊಳ್ಳುವುದು. ಮನೆ ಮಾಲಿಕನದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ಏರದಂತೆ ತಡೆ ಬಿತ್ತು. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ 1940ರ ಸೆಪ್ಟೆಂಬರಿನ ಬಾಡಿಗೆಯನ್ನೇ ಅಳತೆಗೋಲು ಮಾಡಿ ಅದನ್ನು ಗಟ್ಟಿಗೊಳಿಸಿತು. ಬಾಡಿಗೆ ನಿಂತಲ್ಲೇ ನಿಂತಾಗ ಮಾಲಿಕರು ಕೈಬದಲಾಗುವಾಗ ದೊಡ್ಡ ಗಂಟು ಕೇಳತೊಡಗಿದರು. ದಶಕಗಳ ಕಾಲ ಕದ್ದುಮುಚ್ಚಿ ನಡೆದ ಈ ವ್ಯವಹಾರಕ್ಕೆ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದಿಂದ ಕಾನೂನಿನ ಒಪ್ಪಿಗೆ ಕೊಟ್ಟಿತು. ಇಂದಿಗೂ ಪಗಡಿ ಮನೆ ಮಾರಿದಾಗ ಸುಮಾರು ಮೂರನೆಯ ಒಂದು ಪಾಲು ಮಾಲಿಕನಿಗೆ ಹೋಗುವುದು ವಾಡಿಕೆ. ಹೊಸ ರಸೀದಿ ಯಾರ ಹೆಸರಿಗೆ ಎಂಬುದು ಅವನ ಕೈಯಲ್ಲೇ. ಬ್ಯಾಂಕುಗಳು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ. ತಿಂಗಳ ಬಾಡಿಗೆ ಕೆಲವು ನೂರು ರೂಪಾಯಿ. ಅಷ್ಟರಲ್ಲಿ ಮಾಲಿಕ ಯಾವ ಸೂರನ್ನು ರಿಪೇರಿ ಮಾಡಿಸಿಯಾನು? ಆ ಕಬ್ಬಿಣದ ಕಂಬ ಅಲ್ಲಿ ನಿಂತದ್ದು ಹಾಗೆ.

"ಮುಂದೆ ಬಿಲ್ಡಿಂಗು ಕೆಡವಿ ಕಟ್ಟಿದರೆ ಓನರ್‌ಶಿಪ್ಪೇ ಬರ್ತದಲ್ಲ ಸಾಬ್" ಎಂದ ಹುಡುಗ. ಬಂದೀತು. ಯಾವಾಗ? ಅವನು ಗೊಂಚಲು ಅಲ್ಲಾಡಿಸಿದ.

ಈ ಬೀದಿಗಳು ಹುಟ್ಟಿದ್ದು ಮಾತ್ರ ಹೀಗೆ ಗೊಂದಲದಲ್ಲಲ್ಲ. ಅಚ್ಚುಕಟ್ಟಾದ ನಕ್ಷೆಯ ಮೇಲೆ. 1896ರಲ್ಲಿ ಬಾಂಬೆಗೆ ಪ್ಲೇಗು ಬಂತು. ಇಕ್ಕಟ್ಟಾದ ಓಣಿಗಳನ್ನು ಸಡಿಲಿಸಿ ಜನರನ್ನು ಉತ್ತರಕ್ಕೆ ಹಬ್ಬಿಸಬೇಕೆಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗಾ, ಸಯನ್ನಿನ ಗದ್ದೆ ತೋಟಗಳನ್ನು ವಶಕ್ಕೆ ತೆಗೆದುಕೊಂಡು, ತಗ್ಗು ತುಂಬಿಸಿ, ರಸ್ತೆ ಎಳೆದು, ಪ್ಲಾಟು ಮಾಡಿ ದೀರ್ಘಾವಧಿಯ ಲೀಸಿಗೆ ಕೊಟ್ಟದ್ದು ಅದೇ ಟ್ರಸ್ಟು. ಆಗಿನ ಮಟ್ಟಿಗೆ ಪೇಟೆಗೆ ಹತ್ತಿರದ ಅಗ್ಗದ ಉಪನಗರ ಇದೇ. ಮೊದಮೊದಲು ಬರುವವರೇ ಇರಲಿಲ್ಲ. ಪ್ಲಾಟುಗಳು ಬಹಳ ವರ್ಷ ಖಾಲಿ ಬಿದ್ದಿದ್ದವು. 1930ರ ದಶಕದಲ್ಲಿ ತಮಿಳು, ಕನ್ನಡ, ಕೊಂಕಣಿ, ಮಲಯಾಳ ಮಾತಾಡುವ ಗುಮಾಸ್ತರ ಕುಟುಂಬಗಳು ಬಂದು ತುಂಬಿಕೊಂಡವು. ನಿಖಿಲ್ ರಾವ್ ಅವರ 'ಹೌಸ್, ಬಟ್ ನೋ ಗಾರ್ಡನ್' ಎಂಬ ಪುಸ್ತಕ ಈ ಉಪನಗರಗಳ 1898ರಿಂದ 1964ರವರೆಗಿನ ಕತೆಯನ್ನೇ ಹೇಳುತ್ತದೆ. ಚಾಳಿನಲ್ಲಿ ಹತ್ತು ಮನೆಯವರಿಗೆ ಒಂದು ಕಕ್ಕಸು. ಇಲ್ಲಿ ಬಾಗಿಲೊಳಗೇ ಬಚ್ಚಲು, ಬಾಗಿಲೊಳಗೇ ಕಕ್ಕಸು. ನಾವಿವತ್ತು ಲೆಕ್ಕಕ್ಕೇ ಹಿಡಿಯದ ಆ ಅನುಕೂಲ ಆಗ ದೊಡ್ಡ ಆಕರ್ಷಣೆ.

ಟ್ರಸ್ಟು 1933ರಲ್ಲಿ ಮಹಾನಗರಪಾಲಿಕೆಯಲ್ಲಿ ಲೀನವಾಯಿತು. ಹೀಗಾಗಿ ಇಲ್ಲಿಯ ಎಷ್ಟೋ ಕಟ್ಟಡಗಳ ಕಾಲಡಿಯ ನೆಲ ಇವತ್ತಿಗೂ ಪಾಲಿಕೆಯದು. ಕಟ್ಟಡ ಒಬ್ಬನದು, ನೆಲ ಪಾಲಿಕೆಯದು, ಒಳಗೆ ವಾಸವಿರುವವನು ಮೂರನೆಯವನು. ಕೊಳ್ಳಲು ಹೊರಟ ನಾಲ್ಕನೆಯವನು ಕೊಡೆ ಮಡಚುತ್ತ ಮೆಟ್ಟಿಲಿಳಿಯುತ್ತಿದ್ದಾನೆ.

ಮೆಟ್ಟಿಲಿಳಿಯುತ್ತಲೇ ನಮ್ಮವರ ಹಳೆಯ ಲೆಕ್ಕವೊಂದು ನೆನಪಾಯಿತು. ಟ್ರಸ್ಟಿನ ಪ್ಲಾಟುಗಳು ಖಾಲಿ ಬಿದ್ದಿದ್ದ ಕಾಲದಲ್ಲೇ, 1915ರಲ್ಲಿ, ಗಾಮದೇವಿಯಲ್ಲಿ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯಿತು. ಏಷ್ಯಾದಲ್ಲೇ ಮೊದಲ ಸಹಕಾರಿ ಗೃಹನಿರ್ಮಾಣ ಸಂಘ ಅದೆನ್ನುತ್ತಾರೆ. ಕಟ್ಟಿದವರು ಕೆನರಾ ಜಿಲ್ಲೆಗಳಿಂದ ಬಂದ ಚಿತ್ರಾಪುರ ಸಾರಸ್ವತರು. ಮುಂದೆ ನಿಂತವರು ಶ್ರೀಪಾದ ಸುಬ್ರಾವ್ ತಲ್ಮಕಿ. 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಸಂಘವನ್ನು, ಅಂದರೆ ಇವತ್ತಿನ ಎಸ್‌ವಿಸಿ ಬ್ಯಾಂಕನ್ನು, ಹುಟ್ಟುಹಾಕಿದವರೂ ಅವರೇ. ಒಬ್ಬ ಗುಮಾಸ್ತನಿಂದ ಪ್ಲಾಟು ಕೊಳ್ಳಲಾಗದು, ಹತ್ತಾರು ಗುಮಾಸ್ತರು ಸೇರಿದರೆ ಆದೀತು ಎಂಬ ಸರಳ ಯೋಚನೆ. ಅವರು ಬೆಲೆ ಏರಲಿ ಎಂದು ಕೊಂಡವರಲ್ಲ. ಮಾಲಿಕ ನಾಳೆ ಬೆಳಿಗ್ಗೆ ಹೊರಗೆ ಹೋಗು ಎನ್ನದಿರಲಿ ಎಂದು ಕೊಂಡವರು. ಬೆಲೆ ಆಮೇಲೆ ತಾನಾಗಿ ಏರಿತು. ನನಗೆ ಕೇಳಿದರೆ, ಮುಂಬಯಿಯಲ್ಲಿ ನಮ್ಮ ಜನ ಮಾಡಿದ ಬುದ್ಧಿವಂತ ಹೂಡಿಕೆಗಳ ಪಟ್ಟಿಯಲ್ಲಿ ಮೊದಲ ಸಾಲು ಅದಕ್ಕೇ ಸಲ್ಲಬೇಕು. ಹೂಡಿಕೆ ಎಂಬ ಮಾತನ್ನು ಅವರು ಬಾಯಲ್ಲಿ ಆಡಿರಲಿಕ್ಕೂ ಇಲ್ಲ.

ಮಳೆ ಒಂದು ಗಳಿಗೆ ಬಿಟ್ಟಿತು. ಕಟ್ಟಡಗಳ ಸಂದಿಯಲ್ಲಿ ಸಯನ್ ಕೋಟೆಯ ಗುಡ್ಡ, ಮಳೆ ತೊಳೆದ ಹಸಿರು. 1669ರಿಂದ 1677ರ ನಡುವೆ ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿ ಇದನ್ನು ಕಟ್ಟಿದ್ದು ಗಡಿ ಕಾಯಲಿಕ್ಕೆ. ಇತ್ತ ಇಂಗ್ಲಿಷರ ದ್ವೀಪ, ಅತ್ತ ಖಾಡಿಯಾಚೆ ಪೋರ್ಚುಗೀಸರ ಸಾಷ್ಟಿ. ಈಗ ಗುಡ್ಡದ ಬುಡದಲ್ಲಿ ಉದ್ಯಾನ. ಮೇಲೆ ಪಾಳುಗೋಡೆ, ಜೋಡಿಗಳು. ಗಡಿ ಮಾತ್ರ ಪೂರ್ತಿ ಅಳಿದಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಖಾಡಿಗೆ ಅಡ್ಡಲಾಗಿ ಸಯನ್ ಕಾಸ್‌ವೇ ಬಂತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು ಈ ಮಗ್ಗುಲಿನಲ್ಲೇ ಹಾದುಹೋಯಿತು. ಆದರೂ 1950ರಲ್ಲಿ ಗ್ರೇಟರ್ ಬಾಂಬೆ ಆಗುವ ತನಕ ನಗರಪಾಲಿಕೆಯ ಎಲ್ಲೆ ಇಲ್ಲಿಗೇ ಮುಗಿಯುತ್ತಿತ್ತು. ಹಳೆಯ ಬಾಡಿಗೆ ಕಟ್ಟಡಗಳಿಂದ ಸೆಸ್ ವಸೂಲಿ ಮಾಡಿ ರಿಪೇರಿ ನೋಡಿಕೊಳ್ಳುವ, ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಮಂಡಳಿಯ ವ್ಯಾಪ್ತಿಯೂ ಮಾಹಿಮ್-ಸಯನ್ನಿಗೇ ನಿಲ್ಲುತ್ತದೆ. ಸಾಮಾನ್ಯರಿಗೆ ಕಣ್ಣಿಗೆ ಕಾಣುವ ಗಡಿಯೆಂದರೆ ಆಟೋರಿಕ್ಷಾ. ಸಯನ್ನಿನಿಂದ ದಕ್ಷಿಣಕ್ಕೆ ಅದು ಹೋಗುವಂತಿಲ್ಲ. ಅಲ್ಲಿಂದ ಮುಂದೆ ಟ್ಯಾಕ್ಸಿಯ ರಾಜ್ಯ. ಬಿಕೆಸಿಗೆ ಹೋಗುವ ಮಗಳಿಗೆ ಈ ಗಡಿ ಅನುಕೂಲದ್ದು. ಅವಳ ಆಫೀಸು ಆಟೋದ ಕಡೆಗಿದೆ.

ಎರಡನೆಯ ಬೀಗದ ಕೈ ಸೊಸೈಟಿ ಕಟ್ಟಡದ್ದು. 1970ರ ದಶಕದ್ದಿರಬೇಕು, ನೆಲದ ಮೇಲೆ ನಾಲ್ಕು ಮಾಳಿಗೆ, ಲಿಫ್ಟಿಲ್ಲ. ಹೊರಗೋಡೆಯ ಮೇಲೆ ಪಾಚಿ ಕಪ್ಪಾಗಿ ಇಳಿದಿದೆ, ಬಿರುಕಿನಲ್ಲಿ ಅರಳಿಸಸಿ ಎದ್ದಿದೆ. ಕೆಳಗಿನ ನೋಟೀಸು ಬೋರ್ಡಿನಲ್ಲಿ ಗಾಜಿನ ಹಿಂದೆ ಎರಡು ಹಾಳೆ: ಒಂದು ನೀರಿನ ಟ್ಯಾಂಕು ತೊಳೆಯುವ ದಿನದ್ದು, ಇನ್ನೊಂದು ರೀಡೆವಲಪ್‌ಮೆಂಟಿನ ವಿಶೇಷ ಮಹಾಸಭೆಯದು. ಎರಡನೆಯದನ್ನು ತೋರಿಸುವಾಗ ಹುಡುಗನ ಬೆರಳು ನಡುಗಿತೆಂದರೂ ಸರಿ. "ಈಗ ನಾನೂರು ಫುಟ್ಟಿಗೆ ದುಡ್ಡು ಕೊಡಿ, ನಾಳೆ ಐನೂರಐವತ್ತು ತಗೊಳ್ಳಿ. ಮೇಲೆ ಕಾರ್ಪಸ್ ಅಂತ ಒಂದು ಗಂಟು ದುಡ್ಡು. ಕಟ್ಟುವಾಗ ಬೇರೆ ಕಡೆ ಇರಲಿಕ್ಕೆ ಬಾಡಿಗೆಯೂ ಬಿಲ್ಡರನದೇ."

ಸಯನ್ನಿನಲ್ಲಿ ಮಾರಾಟವಾಗುವ ಬಹುಪಾಲು ಹಳೆಯ ಮನೆಗಳ ಒಳಗಿರುವ ಸರಕು ಇದೇ. ಕಣ್ಣೆದುರಿನ ಮನೆಗೆ ಯಾರೂ ದುಡ್ಡು ಕೊಡುತ್ತಿಲ್ಲ. ಅದು ಕೆಡವಿದ ಮೇಲೆ ಎದ್ದು ಬರಲಿರುವ ಮನೆಗೆ ಕೊಡುತ್ತಾರೆ. ಕನಸೇನೂ ಸುಳ್ಳಲ್ಲ. ಈ ಬೀದಿಯಲ್ಲೇ ಹಾಗೆ ಎದ್ದು ನಿಂತ ಕಟ್ಟಡಗಳಿವೆ. ಆದರೆ ಅರ್ಧಕ್ಕಿಂತ ಹೆಚ್ಚು ಸದಸ್ಯರು ಒಪ್ಪಬೇಕು, ಒಪ್ಪದವರು ಕೋರ್ಟಿಗೆ ಹೋಗದಿರಬೇಕು, ಬಿಲ್ಡರನ ಕೈ ನಡುವೆ ಖಾಲಿಯಾಗಬಾರದು, ಪ್ರತಿ ತಿಂಗಳು ಕೊಡುವ ಬಾಡಿಗೆಯ ಚೆಕ್ಕು ನಿಲ್ಲಬಾರದು. ಎಲ್ಲಕ್ಕಿಂತ ಮೊದಲು ನೆಲ ಸೊಸೈಟಿಯ ಹೆಸರಿನಲ್ಲಿರಬೇಕು. ಫ್ಲ್ಯಾಟ್ ಮಾರಿದ ಬಿಲ್ಡರ್ ಸೊಸೈಟಿಗೆ ನೆಲ ಬರೆದುಕೊಡಬೇಕೆಂದು 1963ರ ಕಾಯ್ದೆಯೇ ಹೇಳುತ್ತದೆ. ಎಷ್ಟೋ ಜನ ಬರೆದುಕೊಡಲೇ ಇಲ್ಲ. ಅವರಿಲ್ಲದೆಯೂ ಕನ್ವೇಯನ್ಸ್ ಮಾಡಿಕೊಳ್ಳುವ ದಾರಿಯನ್ನು 2008ರ ತಿದ್ದುಪಡಿ ತೆರೆಯಿತು. ಆ ದಾರಿಯಲ್ಲೂ ಕಾಗದಗಳ ಗುಡ್ಡ ಹತ್ತಬೇಕು.

ಇಲ್ಲಿಂದ ಹೆಚ್ಚು ದೂರವೇನಲ್ಲ, ಸಯನ್ ಕೋಳಿವಾಡದ ಪಂಜಾಬಿ ಕಾಲೊನಿ. ದೇಶವಿಭಜನೆಯಲ್ಲಿ ಎಲ್ಲ ಬಿಟ್ಟು ಬಂದವರಿಗೆ ಸರ್ಕಾರ ಕಟ್ಟಿಕೊಟ್ಟ 25 ಕಟ್ಟಡ. ಮೀನನ್ನು ಮಸಾಲೆ ಹಚ್ಚಿ ಕರಿದು 'ಕೋಳಿವಾಡ' ಎಂದು ದೇಶಕ್ಕೆಲ್ಲ ಉಣಿಸಿದ ಆ ಜನರ ಮನೆಗಳು ಅಪಾಯಕಾರಿಯೆಂದು ಘೋಷಣೆಯಾಗಿ ಖಾಲಿಯಾದವು, ನೆಲಸಮವಾದವು, ಕೊನೆಗೆ ಪುನರ್ನಿರ್ಮಾಣ ಮ್ಹಾಡಾದ ಕೈಗೆ ಹೋಯಿತು. ಮನೆ ಬಿಟ್ಟವರು ಹೊಸ ಮನೆಗಾಗಿ ವರ್ಷಗಟ್ಟಲೆ ಬೇರೆಡೆ ಬಾಡಿಗೆಗಿರಬೇಕಾಯಿತು. ಜಾಗದ ಬೆಲೆಗೇನೂ ಕೊರತೆಯಿರಲಿಲ್ಲ. ಕಾಯುವ ಆಯುಸ್ಸು ಎಲ್ಲರ ಹತ್ತಿರ ಇರಲಿಲ್ಲ.

ಇದೆಲ್ಲ ನಾನು ಅಪ್ಪನಿಗೆ ಹೇಳುತ್ತಿದ್ದಾಗ ಅಮ್ಮ ಅಲ್ಲಿರಲಿಲ್ಲ. ಎದುರು ಮನೆಯ ಬಾಗಿಲು ತಟ್ಟಿ ಒಳಗೆ ಹೋಗಿಯಾಗಿತ್ತು. ಒಳಗಿದ್ದ ಮುದುಕಿ ಕಾರ್ಕಳದವರು. ಎರಡು ನಿಮಿಷದಲ್ಲಿ ಊರು, ಮನೆತನ, ತವರು ಎಲ್ಲ ವಿಚಾರಣೆ ಮುಗಿದು ನೀರಿಗೆ ಬಂದು ನಿಂತಿತ್ತು.

"ನೀರು ಯಾವ ಹೊತ್ತಿಗೆ ಬರ್ತದೆ ಅಮ್ಮಾ?"

"ಬೆಳಿಗ್ಗೆ. ಅದಕ್ಕೇನೂ ಕಷ್ಟ ಇಲ್ಲ. ಕೆಳಗಿನ ನೀರಿಗೇ ಕಷ್ಟ" ಎಂದು ಅವರು ಬೀದಿಯ ಕಡೆ ಕೈ ತೋರಿಸಿದರು. 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ದಿನ, ನೆಲಮಟ್ಟದ ಮನೆಯವರು ಗ್ಯಾಸ್ ಸಿಲಿಂಡರ್ ಸಮೇತ ಮೇಲೆ ಬಂದು ಇವರ ಹಾಲಿನಲ್ಲಿ ಮಲಗಿದ್ದರಂತೆ. ಆಮೇಲೆಯೂ ಜೋರು ಮಳೆ ಬಿದ್ದಾಗಲೆಲ್ಲ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್, ಸಯನ್ನಿನ 24ನೇ ನಂಬರ್ ರಸ್ತೆ ಟೀವಿಯಲ್ಲಿ ಬರುವುದು ತಪ್ಪಿಲ್ಲ. ಟ್ರಸ್ಟಿನವರು ತಗ್ಗು ತುಂಬಿಸಿದ್ದರೆಂದೆನಲ್ಲ. ನೀರಿಗೆ ತನ್ನ ಹಳೆಯ ಜಾಗ ಮರೆತಿಲ್ಲ. ನೆಲಮಟ್ಟದ ಮನೆ ಮೇಲಿನದಕ್ಕಿಂತ ಯಾಕೆ ಅಗ್ಗ ಎಂದು ಹುಡುಗ ಹೇಳದ್ದನ್ನು ಮುದುಕಿ ಹೇಳಿಬಿಟ್ಟರು. ಮೆಟ್ಟಿಲ ಕಟ್ಟೆಯ ಮೇಲೆ ಗೇಣೆತ್ತರಕ್ಕೆ ಸಿಮೆಂಟಿನ ಅಡ್ಡಗೋಡೆ ಕಟ್ಟಿದ್ದು ಆಗ ಕಣ್ಣಿಗೆ ಬಿತ್ತು.

ಮೂರನೆಯದಕ್ಕೆ ಬೀಗದ ಕೈ ಇಲ್ಲ, ವಿಸಿಟಿಂಗ್ ಕಾರ್ಡು. ಹೊಸ ಟವರಿನ ಸೇಲ್ಸ್ ಆಫೀಸು. ಏಸಿ, ಕಾಫಿ, ನೆನೆದ ಕೊಡೆ ಇಡಲು ಹಿತ್ತಾಳೆಯ ಪಾತ್ರೆ. ಗಾಜಿನ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು ಎತ್ತರದ ಮರಗಳು, ನೀಲಿ ಈಜುಕೊಳ. ಸ್ಯಾಂಪಲ್ ಫ್ಲ್ಯಾಟಿನಲ್ಲಿ ಕೋಣೆಗಳ ನಡುವೆ ಬಾಗಿಲುಗಳನ್ನೇ ಇಟ್ಟಿಲ್ಲ. ಬಾಗಿಲಿಲ್ಲದಿದ್ದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಮಂಚದ ಮೇಲೆ ಅಪ್ಪ ಕೂತು ನೋಡಿ ಕಾಲು ಚಾಚಿದರು. ಕಾಲು ಹೊರಗೆ ಬಂತು.

ಹೊಸ ಕಟ್ಟಡಗಳ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. 2017ರ ಮೇ 1ರಿಂದ, ಮನೆ ಕೊಳ್ಳುವವರ ರಕ್ಷಣೆಯ ರೇರಾ ಕಾಯ್ದೆ ಪೂರ್ತಿ ಜಾರಿಗೆ ಬಂದ ಮೇಲೆ ಮೋಸಕ್ಕೆ ಮೊದಲಿನಷ್ಟು ಆಸ್ಪದವಿಲ್ಲ. ಕಾರ್ಪೆಟ್ ವಿಸ್ತೀರ್ಣದ ಲೆಕ್ಕದಲ್ಲೇ ಮಾರಬೇಕು. ಕೊಳ್ಳುವವರಿಂದ ಬಂದ ಹಣದ 70 ಪ್ರತಿಶತವನ್ನು ಬೇರೆ ಖಾತೆಯಲ್ಲಿಟ್ಟು ಅದೇ ಕಟ್ಟಡದ ನೆಲಕ್ಕೂ ಕೆಲಸಕ್ಕೂ ಬಳಸಬೇಕು. ಪ್ರಾಜೆಕ್ಟಿನ ನಂಬರ್ ಹಾಕಿದರೆ ಮುಗಿಸುವ ತಾರೀಕು, ಕೋರ್ಟಿನ ತಕರಾರು, ಸಾಲ ಎಲ್ಲ ಮಹಾರೇರಾದ ವೆಬ್‌ಸೈಟಿನಲ್ಲಿ ಕಾಣುತ್ತದೆ. ಮಗಳು ಸೇಲ್ಸ್ ಹುಡುಗಿ ಮಾತಾಡುತ್ತಿರುವಾಗಲೇ ಮೊಬೈಲಿನಲ್ಲಿ ಅದನ್ನು ನೋಡುತ್ತಿದ್ದಳು. ಮುಗಿಸುವ ತಾರೀಕು ಒಮ್ಮೆ ಮುಂದೆ ಹೋಗಿತ್ತು. ಕಟ್ಟುತ್ತಿರುವ ಮನೆಗೆ 5 ಪ್ರತಿಶತ ಜಿಎಸ್‌ಟಿ. ವಾಸದ ಅನುಮತಿಪತ್ರ, ಅಂದರೆ ಓಸಿ, ಬಂದ ಮೇಲೆ ಕೊಂಡರೆ ಅದಿಲ್ಲ. ಸರ್ಕಾರ 'ಅಗ್ಗದ ಮನೆ' ಎಂದು ಲೆಕ್ಕ ಹಿಡಿದು ಒಂದೇ ಪ್ರತಿಶತ ಹಾಕುವುದು 45 ಲಕ್ಷದೊಳಗಿನ ಮನೆಗೆ. ಸಯನ್ನಿನ ಟವರಿನಲ್ಲಿ ಅಷ್ಟಕ್ಕೆ ಸಿಗುವುದು ಬಹುಶಃ ಆ ಹಿತ್ತಾಳೆಯ ಪಾತ್ರೆ ಇಟ್ಟ ಮೂಲೆ.

ಇಲ್ಲಿ ಅಗ್ಗಕ್ಕೆ ಕಾರಣ ಕಿಟಕಿಯಾಚೆಗಿತ್ತು. ಪರದೆ ಸರಿಸಿದರೆ ರೈಲು ಹಳಿ, ಹಳಿಯಾಚೆ ನೀಲಿ ಪ್ಲಾಸ್ಟಿಕ್ ಹೊದ್ದ ತಗಡಿನ ಮಾಡುಗಳು ದಿಗಂತದವರೆಗೆ. ಧಾರಾವಿ. ಸೇಲ್ಸ್ ಹುಡುಗಿ ಇದನ್ನು ಅಡಗಿಸಲಿಲ್ಲ. ಅದನ್ನೇ ಮಾರಿದಳು. "ಆಂಟಿ, ಹತ್ತು ವರ್ಷದಲ್ಲಿ ಇಲ್ಲಿ ಎರಡನೆಯ ಬಿಕೆಸಿ." ಧಾರಾವಿ ಎದ್ದರೆ ಸಯನ್ ಎದ್ದಿತು ಎಂಬುದು ಇಲ್ಲಿಯ ಮಾರುಕಟ್ಟೆಯ ಮಂತ್ರ. 2022ರ ನವೆಂಬರಿನಲ್ಲಿ ಅದಾನಿ ಸಮೂಹ 5,069 ಕೋಟಿ ರೂಪಾಯಿಯ ಬಿಡ್ ಕೂಗಿ ಪುನರಾಭಿವೃದ್ಧಿಯ ಕೆಲಸ ಗೆದ್ದದ್ದು ನಿಜ. 2025ರ ಮೇಯಲ್ಲಿ ಮೆಟ್ರೊ 3ರ ಧಾರಾವಿ ಸ್ಟೇಷನ್ ತೆರೆದದ್ದೂ ನಿಜ. ಆದರೆ ರಾಜ್ಯ ಸರ್ಕಾರ ಧಾರಾವಿ ಯೋಜನೆಗೆ ಮೊದಲು ಒಪ್ಪಿಗೆ ಕೊಟ್ಟದ್ದು 2004ರಲ್ಲಿ. ಆಗಿನಿಂದಲೂ ಸಯನ್ನಿನ ಏಜೆಂಟರು ಇದೇ ಮಂತ್ರ ಹೇಳಿ ಮನೆ ಮಾರುತ್ತ ಬಂದಿದ್ದಾರೆ. ಆಗ ಅದನ್ನು ನಂಬಿ ಕೊಂಡವರ ಮಕ್ಕಳು ಈಗ ತಾವೇ ಮನೆ ಹುಡುಕುವ ವಯಸ್ಸಿಗೆ ಬಂದಿದ್ದಾರೆ. ಆ ಮಾಡುಗಳ ಕೆಳಗೆ ಚರ್ಮ ಹೊಲಿಯುವವರು, ಮಡಕೆ ಮಾಡುವವರು, ಇಡ್ಲಿ ಬೇಯಿಸಿ ಬೀದಿ ಬೀದಿ ಮಾರುವವರು ಇದ್ದಾರೆ. ನಮ್ಮ ಫ್ಲ್ಯಾಟಿನ ದರ ಏರಲೆಂದು ಅವರು ಯಾವಾಗ ಎದ್ದು ಹೋದಾರು ಎಂದು ಕಿಟಕಿಯಲ್ಲಿ ನಿಂತು ಕಾಯುವ ಹೂಡಿಕೆ ನನಗಂತೂ ಹಿಡಿಸುವುದಿಲ್ಲ. ಅಪ್ಪ ಏನೂ ಹೇಳಲಿಲ್ಲ. ಮುಂಬಯಿಗೆ ಬಂದ ಮೊದಲ ವರ್ಷಗಳಲ್ಲಿ ಅವರು ಮಲಗುತ್ತಿದ್ದದ್ದು ಅಂಥದೇ ಒಂದು ಮಾಡಿನ ಕೆಳಗೆ, ಹತ್ತು ಹನ್ನೆರಡು ಜನರ ಸಾಲಿನಲ್ಲಿ.

ಹಳಿಯ ಮೇಲಿನ ಸಯನ್ ಬ್ರಿಡ್ಜಿನ ಜಾಗ ಅಲ್ಲಿಂದ ಕಾಣುತ್ತಿತ್ತು. 1912ರಲ್ಲಿ ಕಟ್ಟಿದ ಆ ಸೇತುವೆಯನ್ನು ರೈಲಿನ ಐದನೆಯ, ಆರನೆಯ ಹಳಿಗೆ ಜಾಗ ಮಾಡಲೆಂದು 2024ರ ಆಗಸ್ಟ್ 1ರಿಂದ ವಾಹನಗಳಿಗೆ ಮುಚ್ಚಿದರು. ನಕ್ಷೆಯಲ್ಲಿ ಬಿಕೆಸಿ ಕೈಗೆಟಕುವಷ್ಟು ಹತ್ತಿರ. ಬ್ರಿಡ್ಜ್ ಮುಚ್ಚಿದ ಮೇಲೆ ಸುತ್ತು ಹಾಕಿದವರಿಗೇ ಗೊತ್ತು ನಿಜವಾದ ದೂರ. ಪೂರ್ವಕ್ಕೆ ಚುನಾಭಟ್ಟಿಯಿಂದ ಬಿಕೆಸಿಗೆ 2019ರಲ್ಲಿ ತೆರೆದ ಕನೆಕ್ಟರ್ ಇದೆ, ಕಾರಿದ್ದವರಿಗೆ.

ಹೊಟ್ಟೆ ಚುರುಗುಟ್ಟುತ್ತಿತ್ತು. ಮೂಲೆಯ ಉಡುಪಿ ಹೋಟೆಲಿನಲ್ಲಿ ಮೇಜು ಹಿಡಿದು ಕೂತೆವು. ಯಜಮಾನರು ಕೂರುವ ಮೊದಲು ಗಲ್ಲಾದ ಕಡೆ ನೋಡಿದರು; ಗಲ್ಲಾದವರು ಇವರನ್ನು ನೋಡಿ ತಲೆಯಾಡಿಸಿದರು. ಒಂದು ಜಾತಿಯ ಪಕ್ಷಿಗಳು ಒಂದನ್ನೊಂದು ಗುರುತು ಹಿಡಿದ ಹಾಗೆ. ಬನ್ಸು ಬಂತು. ಪೇಪರ್ ನ್ಯಾಪ್ಕಿನ್ನಿನ ಮೇಲೆ ಮಗಳು ಲೆಕ್ಕ ಬರೆದಳು.

ಮನೆ ಒಂದೂವರೆ ಕೋಟಿ ಎಂದಿಟ್ಟುಕೊಳ್ಳೋಣ. ಕೈಯಿಂದ 30 ಲಕ್ಷ, ಉಳಿದ 1 ಕೋಟಿ 20 ಲಕ್ಷ ಸಾಲ. ಎಂಟೂವರೆ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು 1 ಲಕ್ಷ 4 ಸಾವಿರ ಚಿಲ್ಲರೆ. ಸಾಲ ತೀರುವಷ್ಟರಲ್ಲಿ ಕಟ್ಟಿದ್ದು ಹತ್ತಿರ ಹತ್ತಿರ ಎರಡೂವರೆ ಕೋಟಿ. ಸ್ಟಾಂಪ್ ಡ್ಯೂಟಿ ಮೆಟ್ರೊ ಸೆಸ್ಸೂ ಸೇರಿ 6 ಪ್ರತಿಶತ, ಅಂದರೆ 9 ಲಕ್ಷ. ನೋಂದಣಿ 30 ಸಾವಿರ. ಏಜೆಂಟನ ದಲ್ಲಾಳಿ ಬೇರೆ. ಇನ್ನು ಅದೇ ಮನೆಯನ್ನು ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 40 ಸಾವಿರ ಬಂತೆನ್ನಿ. ವರ್ಷಕ್ಕೆ 4 ಲಕ್ಷ 80 ಸಾವಿರ. ಒಂದೂವರೆ ಕೋಟಿಗೆ ಮೂರು ಪ್ರತಿಶತ ಚಿಲ್ಲರೆ. ಅದರಲ್ಲಿ ಸೊಸೈಟಿಯ ಮೆಂಟೆನೆನ್ಸ್ ಕಳೆಯಬೇಕು.

"ಅಪ್ಪಾ, ಬಡ್ಡಿ ಎಂಟೂವರೆ ಕೊಟ್ಟು ಬಾಡಿಗೆ ಮೂರು ತಗೊಳ್ಳೂದು ಎಂಥ ಇನ್ವೆಸ್ಟ್‌ಮೆಂಟು?"

"ಬೆಲೆ ಏರ್ತದಲ್ಲ."

"ಏರಿದರೆ."

"ಮುಂಬಯಿಯಲ್ಲಿ ಏರದೆ ಎಲ್ಲಿ ಹೋಗ್ತದೆ?" ಹೋಟೆಲಿನವರ ಪೀಳಿಗೆಯ ಅಚಲ ನಂಬಿಕೆ ಇದು. ಡೊಂಬಿವಲಿಯ ತಮ್ಮ ರೂಮನ್ನೇ ಅವರು ಸಾಕ್ಷಿ ಹೇಳಿಸಿದರು. ಕೊಂಡ ದರಕ್ಕೂ ಇವತ್ತಿನ ದರಕ್ಕೂ ಅಜಗಜಾಂತರ. ಅದಕ್ಕೆ ನಾನು ಒಂದು ಕೊಕ್ಕೆ ಹಾಕಿದೆ: ಡೊಂಬಿವಲಿಯ ಅಗ್ಗಕ್ಕೆ ಕಾರಣ ರೈಲು. ಆ ಕಾರಣವನ್ನು ದಿನಾ ಎರಡು ಹೊತ್ತು ಬಾಗಿಲಲ್ಲಿ ನೇತಾಡಿ ತೀರಿಸಿದವರು ಯಾರು? ಬೆಲೆ ಏರಿದ್ದರಲ್ಲಿ ಆ ದುಡಿಮೆಯನ್ನು ಕಳೆದು ಲೆಕ್ಕ ಹಾಕಿದವರನ್ನು ನಾನು ನೋಡಿಲ್ಲ. ಅವರು ಬನ್ಸಿನ ತುಂಡನ್ನು ಚಟ್ನಿಯಲ್ಲಿ ಅದ್ದಿ ನಕ್ಕರು. "ಕಳೆದರೆ ಉಳಿಯೂದು ಎಂಥ ಮಣ್ಣೂ ಇಲ್ಲ ಮಾರಾಯ್ರೇ."

ಮಗಳದು ಬೇರೆ ಯೋಚನೆ. ಹನ್ನೊಂದು ತಿಂಗಳ ಲೀವ್ ಎಂಡ್ ಲೈಸೆನ್ಸಿಗೆ ಸಯನ್ನಿನಲ್ಲಿ ಬಾಡಿಗೆಗಿದ್ದು, ಅಪ್ಪನ ದುಡ್ಡನ್ನು ಅಪ್ಪನಿಗೇ ಬಿಟ್ಟುಬಿಡುವುದು. ಲೆಕ್ಕಕ್ಕೆ ಕೂತರೆ ಅವಳದೇ ಸರಿ. ಆದರೆ ಹನ್ನೊಂದು ತಿಂಗಳಿಗೊಮ್ಮೆ ಬಾಗಿಲಿಗೆ ಬಂದು ಬಾಡಿಗೆ ಏರಿಸುವವನ ಮುಂದೆ ನಿಲ್ಲಲು ಅಪ್ಪ ಸಿದ್ಧರಿಲ್ಲ. ಗಾಮದೇವಿಯ ಗುಮಾಸ್ತರು ಸೊಸೈಟಿ ಕಟ್ಟಿದ್ದು ಯಾವ ಭಯಕ್ಕೋ, ಆ ಭಯ ಇವರ ಮೈಯಲ್ಲೂ ಇದೆ. ಅದಕ್ಕೆ ಬಡ್ಡಿದರ ಹೇಳಿ ಪ್ರಯೋಜನವಿಲ್ಲ.

ನನ್ನ ಮಟ್ಟಿಗೆ ಇಷ್ಟು: ಬಾಡಿಗೆ ಬರಲಿ ಎಂದು ಸಾಲ ಮಾಡಿ ಸಯನ್ನಿನಲ್ಲಿ ಮನೆ ಹಾಕುವವರು ಬ್ಯಾಂಕಿಗೆ ದುಡಿಯುತ್ತಾರೆ. ಮಗಳು ಅಲ್ಲೇ ವಾಸ ಮಾಡಿ, ದಿನಕ್ಕೆ ಎರಡು ಮೂರು ಗಂಟೆ ಉಳಿಸಿ, ಕಾಗದ ಶುದ್ಧವಾಗಿರುವ ಕಟ್ಟಡದಲ್ಲಿ ಮೇಲಿನ ಮಾಳಿಗೆಯ ಮನೆ ಕೊಂಡರೆ ಅದು ಬೇರೆ ಮಾತು. ನೋಡಿದ ಮೂರರಲ್ಲಿ ಹಾಗೆ ನಿಲ್ಲುವುದಾದರೆ ಎರಡನೆಯದೇ. ನಾಲ್ಕು ಮಾಳಿಗೆ ಹತ್ತುವ ಮಂಡಿ ಇರುವತನಕ.

ಅಮ್ಮ ಇಷ್ಟು ಹೊತ್ತು ಸುಮ್ಮನಿದ್ದರು. ಕಾರ್ಕಳದ ಮುದುಕಿ ಅವರಿಗೆ ನೀರಿನ ಹೊರತು ಬೇರೆ ಸುದ್ದಿಯನ್ನೂ ಕೊಟ್ಟಿದ್ದರು: ನಮ್ಮ ಕಡೆಯವರ ಬಿ.ಎಸ್.ಕೆ.ಬಿ. ಅಸೋಸಿಯೇಶನ್ನಿನ ಕಟ್ಟಡ ಗೋಕುಲ ಇದೇ ಸಯನ್ನಿನಲ್ಲಿ, ಕೃಷ್ಣನ ಗುಡಿ ಸಮೇತ. ಮೈಸೂರು ಅಸೋಸಿಯೇಶನ್ ಮಾಟುಂಗಾದಲ್ಲಿ, ಎನ್‌ಕೆಇಎಸ್ ಶಾಲೆ ವಡಾಲದಲ್ಲಿ, ಬಂಟರ ಸಂಘ ಕುರ್ಲಾದಲ್ಲಿ. ಯಕ್ಷಗಾನ, ಮದುವೆ, ಬೊಜ್ಜ, ಎಲ್ಲಕ್ಕೂ ರೈಲು ಹಿಡಿಯದೆ ಹೋಗಿಬರಬಹುದು. ಇದು ಯಾವ ಏಜೆಂಟನ ಪಟ್ಟಿಯಲ್ಲೂ ಇರುವುದಿಲ್ಲ, ಯಾವ ನ್ಯಾಪ್ಕಿನ್ನಿನ ಲೆಕ್ಕದಲ್ಲೂ ಬರುವುದಿಲ್ಲ. ಡೊಂಬಿವಲಿಯಲ್ಲೂ ಕರ್ನಾಟಕ ಸಂಘವಿದೆ, ಅದರದೇ ಶಾಲೆಯಿದೆ ಎಂದು ಅಪ್ಪ ಎದ್ದು ನಿಲ್ಲುವಷ್ಟು ರಭಸದಿಂದ ಹೇಳಿದರು. ಅಮ್ಮ ಅದಕ್ಕೆ ಉತ್ತರ ಕೊಡಲಿಲ್ಲ, ಇನ್ನೊಂದನ್ನು ಕೇಳಿದರು.

"ಹೆಂಗಸರ ಹೆಸರಿಗೆ ಬರೆಸಿದರೆ ಸ್ಟಾಂಪಿನಲ್ಲಿ ಕಡಿಮೆ ಉಂಟಂತಲ್ಲ?"

ಉಂಟು. ಮಹಾರಾಷ್ಟ್ರದಲ್ಲಿ ಹೆಂಗಸರೇ ಕೊಳ್ಳುವ ಮನೆಗೆ ಒಂದು ಪ್ರತಿಶತ ರಿಯಾಯಿತಿ. ಒಂದೂವರೆ ಕೋಟಿಗೆ ಒಂದೂವರೆ ಲಕ್ಷ. ಗಂಡಸಿನ ಹೆಸರು ಜೊತೆಗೆ ಸೇರಿದರೆ ಸಿಗುವುದಿಲ್ಲ.

"ಹಾಗಾದರೆ ಮಗಳ ಹೆಸರಿಗೇ ಆಗಲಿ. ಸಾಲ ಕಟ್ಟೂದೂ ಅವಳೇ ಅಲ್ವಾ."

ಅಪ್ಪ ಕಾಫಿ ಲೋಟವನ್ನು ಡಬರಿಗೆ ಎರಡು ಸಲ ಬಗ್ಗಿಸಿ ಎತ್ತಿ ಆರಿಸಿದರು. ಜೀವಮಾನದಲ್ಲಿ ಮೊದಲ ಬಾರಿ ಮುಂಬಯಿಯ ನಕ್ಷೆಯಲ್ಲಿ ತಮ್ಮ ಹೆಸರು ಬರುವುದೆಂದುಕೊಂಡಿದ್ದರೋ ಏನೋ. ಡೊಂಬಿವಲಿ ಇರುವುದು ಮುಂಬಯಿಯ ನಕ್ಷೆಯಾಚೆ, ಠಾಣೆ ಜಿಲ್ಲೆಯಲ್ಲಿ. "ಒಂದೂವರೆ ಲಕ್ಷ ಸುಮ್ಮನೆ ಯಾಕೆ ಬಿಡೂದು" ಎಂದರು ಕೊನೆಗೆ.

ಹೊರಗೆ ಕಚ್ಛೀ ಹುಡುಗ ಅಂಗಡಿಯ ಮಾಡಿನ ಕೆಳಗೆ ಕಾಯುತ್ತಿದ್ದ. ಎರಡನೆಯ ಮನೆಗೆ ಇನ್ನಿಬ್ಬರು ಗಿರಾಕಿಗಳಿದ್ದಾರೆ, ಸಂಜೆಯೊಳಗೆ ಒಂದು ಲಕ್ಷ ಟೋಕನ್ ಕೊಟ್ಟರೆ ಹಿಡಿದಿಡುತ್ತೇನೆ ಎಂದ. ಅಪ್ಪನ ಕೈ ಅಂಗಿಯ ಜೇಬಿನ ಕಡೆ ಹೋಗುತ್ತಿತ್ತು.

"ಟೋಕನ್ ಆಮೇಲೆ" ಎಂದಳು ಮಗಳು, ಅಚ್ಚ ಬಂಬಯ್ಯಾ ಹಿಂದಿಯಲ್ಲಿ. "ಮೊದಲು ಪ್ರಾಪರ್ಟಿ ಕಾರ್ಡ್ ಕಳಿಸು. ನೆಲ ಯಾರ ಹೆಸರಲ್ಲಿದೆ ನೋಡಬೇಕು. ಕನ್ವೇಯನ್ಸ್ ಆಗಿದೆಯಾ?"

"ಪ್ರೊಸೆಸ್‌ನಲ್ಲಿದೆ ಮೇಡಂ."

"ಎಷ್ಟು ವರ್ಷದಿಂದ?"

ಹುಡುಗ ಗೊಂಚಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿ, ಸೊಸೈಟಿಯ ಸೆಕ್ರೆಟರಿಯ ನಂಬರು ಹುಡುಕತೊಡಗಿದ.